ನನ್ನ ನಾದಿನಿಯ ಥ್ಯಾಂಕ್ಸು

ನನ್ನ ನಾದಿನಿಯಿಂದ ಥ್ಯಾಂಕ್ಸ್ ಹೇಳಿಸಿಕೊಂಡವರು ಸುಧಾರಿಸಿಕೊಳ್ಳಲು ಒಂದು ದಿನವಾದರೂ ಬೇಕು! ಯಾರಾದರೂ ಬೈದರೆ ತಿರುಗಿ ಬೈಯಬಹುದು. ಇವಳ ಥ್ಯಾಂಕ್ಸಿಗೆ ಏನು ಮಾಡುತ್ತೀರಿ?

ನಮ್ಮ ಮಂಡಿಕಲ್ ಕಡೆ ಬಾಯಿಬಿಟ್ಟು ಥ್ಯಾಂಕ್ಸ್ ಹೇಳುವ ಅಭ್ಯಾಸವಿಲ್ಲ. ಯಾರಾದರೂ ಪಾತ್ರೆಯಲ್ಲಿ ಏನಾದರೂ ಕೊಟ್ಟರೆ ಅದನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ, ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಅಲ್ಲಿಗೆ ಮುಗಿಯಿತು. ಇವಳಿಗೆ ಎರಡೂ ಆಗಬೇಕು. ಜೊತೆಗೆ ಕಂಡ ಕೊರತೆಯನ್ನೂ ಹೇಳಲೇಬೇಕು. ಚಿಕ್ಕಬಳ್ಳಾಪುರದಲ್ಲಿ ಹಲ್ಲು ಕೀಳಿಸಿಕೊಂಡಾಗ ಡಾಕ್ಟರು ಆ ಹಲ್ಲನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಮುಂದಿನ ವಾರ ಹೋಗಿ, ಥ್ಯಾಂಕ್ಸ್ ಹೇಳಿ, ಇಂಜೆಕ್ಷನ್ನು ಸ್ವಲ್ಪ ಮೆತ್ತಗೆ ಚುಚ್ಚಬಹುದಿತ್ತು ಎಂದೂ ಹೇಳಿ, ಡಬ್ಬಿ ವಾಪಸ್ ಕೊಟ್ಟು ಬಂದಳು. ಒಳಗೆ ಕಲ್ಲುಸಕ್ಕರೆ. ಹಲ್ಲಿನ ಡಾಕ್ಟರಿಗೆ!

ಬಸ್ಸಿನಿಂದ ಇಳಿದರೆ ಸುಮ್ಮನೆ ಮನೆಗೆ ಬರುತ್ತಾಳೆಯೇ? ಮುಂದೆ ಹೋಗಿ ಡ್ರೈವರನ ಕಿಟಕಿಯ ಕೆಳಗೆ ನಿಂತು ಥ್ಯಾಂಕ್ಸ್ ಹೇಳಿ, ಯಾವ ತಿರುವಿನಲ್ಲಿ ಹೊಟ್ಟೆ ತೊಳಸಿತು ಎನ್ನುವುದನ್ನೂ ವಿವರಿಸುತ್ತಾಳೆ. ಹಿಂದಿನ ಲಾರಿಯವನು ಹಾರನ್ ಬಾರಿಸಿದರೆ, ಕಾದದ್ದಕ್ಕೆ ಅವನಿಗೂ ಒಂದು ಥ್ಯಾಂಕ್ಸು.

ಇದನ್ನೆಲ್ಲ ನಗುತ್ತಾ ಸಹಿಸಿಕೊಂಡೆ. ಸಹಿಸಲಾಗದ್ದು ಒಂದೇ. ಗಂಡ ಹೋದ ಮೇಲೆ ಅವಳು ನಮ್ಮ ಜೊತೆಗೇ ಇದ್ದಾಳೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸವಿತ್ತು. ಹೋದ ವರ್ಷ ಆ ಕಾರ್ಖಾನೆ ಮುಚ್ಚಿತು. ಅಂದಿನಿಂದ ಪ್ರತಿ ಹೊತ್ತೂ ಉಂಡ ತಟ್ಟೆಯನ್ನು ತಾನೇ ತೊಳೆದಿಟ್ಟು, ನನ್ನ ಸೊಸೆಗೆ "ಥ್ಯಾಂಕ್ಸ್ ಕಣಮ್ಮ" ಎನ್ನುತ್ತಾಳೆ. ಕೊರತೆ ಮಾತ್ರ ಹೇಳುವುದಿಲ್ಲ. ಅವಳು ಹುಟ್ಟಿದ ಮನೆ ಇದು! ನಾನೇ ಆಮೇಲೆ ಬಂದವಳು. ಊಟದಲ್ಲಿ ಕಲ್ಲು ಸಿಕ್ಕಂತಾಗುತ್ತಿತ್ತು ನನಗೆ.

ಹೀಗಿರುವಾಗ ಗೌರಿಬಿದನೂರಿನ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಅಡುಗೆಯವರು ಬೇಕೆಂದು ತಿಳಿದು ಇಂಟರ್‌ವ್ಯೂಗೆ ಹೋದಳು. ಈ ವಯಸ್ಸಿಗೆ ಇನ್ನೊಂದು ಕೆಲಸ ಎಲ್ಲಿ ಹುಡುಕುವುದು? ಬರುವಾಗ ವಾರ್ಡನ್ ಮೇಡಂ ಹಾಸ್ಟೆಲ್ಲಿನ ಊಟವನ್ನೇ ಸ್ಟೀಲ್ ಡಬ್ಬಿಗೆ ಹಾಕಿ ಕಳಿಸಿದ್ದರು. ನೋಡಿ ತಿಳಿಸುತ್ತೇವೆ ಎಂದರಂತೆ.

ಇಂಟರ್‌ವ್ಯೂ ಆದ ಮೇಲೆ ಎರಡು ಸಾಲು ಥ್ಯಾಂಕ್ಸ್ ಬರೆದು ಕಳಿಸಿದರೆ ಒಳ್ಳೆಯದು ಎಂದು ಕಾಲೇಜಿಗೆ ಹೋಗುವ ಮೊಮ್ಮಗಳು ಹೇಳಿದಳು. ಯಾರಿಗೆ ಹೇಳಬೇಕೋ ಅವಳಿಗೇ ಹೇಳಿದಳು! ನಾದಿನಿಗೆ ಬರೆಯಲು ಬಾರದು. ನನ್ನದು ನಾಲ್ಕನೇ ಕ್ಲಾಸು. ಪೆನ್ನು ಹಿಡಿದು ಕೂತೆ. ಕೂರಿಸಿದ್ದಕ್ಕೆ ಥ್ಯಾಂಕ್ಸ್, ಫ್ಯಾನ್ ಹಾಕಿದ್ದಕ್ಕೆ ಥ್ಯಾಂಕ್ಸ್, ಊಟ ಕಟ್ಟಿಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಎಂದು ಹೇಳಿ ಬರೆಸಿದಳು. ಆಮೇಲೆ, "ಸಾರಲ್ಲಿ ಬೇಳೆ ಬೆಂದಿರ್ಲಿಲ್ಲ, ಬರಿ ಅತ್ತಿಗೆ" ಎಂದಳು.

"ಕೆಲ್ಸ ಕೇಳ್ತಿದ್ದೀಯೋ, ಜಗಳಕ್ಕೆ ಹೋಗ್ತಿದ್ದೀಯೋ?"

"ಉಂಡಿದ್ದೂ ನಿಜ, ಬೇಳೆ ಬೆಂದಿರ್ಲಿಲ್ಲ ಅನ್ನೋದೂ ನಿಜ. ಅರ್ಧ ಬರೆದ್ರೆ ಸುಳ್ಳಾಗಲ್ವಾ?"

"ಹಾಳಾಗಿ ಹೋಗು" ಎಂದು ಬರೆದೆ. ಅದನ್ನಲ್ಲ, ಬೇಳೆಯ ಮಾತನ್ನು.

ಇನ್ನು ಡಬ್ಬಿಯನ್ನು ಬರಿದಾಗಿ ಕಳಿಸುವುದುಂಟೇ? ಅವರೆಕಾಯಿ ಕಾಲ. ಹಿಸುಕಿದ ಬೇಳೆಯನ್ನು ಎಣ್ಣೆಯಲ್ಲಿ ಕರಿದು, ಖಾರ ಬೆರೆಸಿ, ಡಬ್ಬಿ ತುಂಬಿ, ಮೇಲೆ ಕಾಗದವನ್ನಿಟ್ಟು ಮುಚ್ಚಿದಳು. ಗೌರಿಬಿದನೂರಿಗೆ ಹೋಗುವ ಪಕ್ಕದ ಮನೆಯವರ ಕೈಯಲ್ಲಿ ಡಬ್ಬಿ ಹೊರಟಿತು.

ಮೂರು ದಿನ ಫೋನಿನ ಪಕ್ಕದಲ್ಲೇ ಕೂತಿದ್ದಳು. ನಾಲ್ಕನೆಯ ದಿನ ವಾರ್ಡನ್ ಮೇಡಂ ಫೋನ್ ಮಾಡಿದರು. ಎಣ್ಣೆ ಹೀರಿ ಕಾಗದದಲ್ಲಿದ್ದ ಥ್ಯಾಂಕ್ಸೆಲ್ಲ ಕಲೆಸಿಹೋಗಿ, ಓದಲು ಉಳಿದಿದ್ದು ಒಂದೇ ಸಾಲಂತೆ. ಬೇಳೆ ಬೆಂದಿರಲಿಲ್ಲ! ಇವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಆ ಕಡೆ ಮೇಡಂ ನಗುತ್ತಿದ್ದರು. "ನಮ್ಮ ಹುಡುಗೀರೂ ದಿನಾ ಇದನ್ನೇ ಹೇಳ್ತಾರೆ ಕಣಮ್ಮ. ನಿಮ್ಮ ಅವರೆಬೇಳೆ ಒಂದೇ ಗಳಿಗೇಲಿ ಖಾಲಿ ಮಾಡಿದ್ರು. ಸೋಮವಾರದಿಂದ ಬನ್ನಿ."

ಭಾನುವಾರ ಸಂಜೆ ಎಲ್ಲರೂ ಊಟಕ್ಕೆ ಕೂತೆವು. ನಾದಿನಿ ಹೊಟ್ಟೆ ತುಂಬ ಉಂಡು ಕೈ ತೊಳೆದು ಬಂದು, "ನಾಳೆಯಿಂದ ಸಾರಿಗೆ ಇನ್ನೊಂಚೂರು ಉಪ್ಪು ಹಾಕೇ" ಎಂದು ನನ್ನ ಸೊಸೆಗೆ ಹೇಳಿದಳು. ಥ್ಯಾಂಕ್ಸಿಗೆ ಕಾದೆವು. ಬರಲಿಲ್ಲ. ಗೋಡೆಗೆ ಒರಗಿ ಕಾಲು ಚಾಚಿ ಕೂತಳು, ತವರಿಗೆ ಬಂದ ಹೆಣ್ಣುಮಕ್ಕಳು ಕೂರುವ ಹಾಗೆ. ಉಂಡ ತಟ್ಟೆ ಅಲ್ಲೇ ಬಿದ್ದಿತ್ತು.

ಸೊಸೆ ಅದನ್ನು ಎತ್ತಲು ಬಂದಳು. ಬೇಡವೆಂದು ನಾನೇ ಎತ್ತಿಕೊಂಡೆ.