ಗಟ್ಟಿ ಚೀಲದಲ್ಲಿ ಪಂಚಮಿ ಉಂಡಿ

ಮಣ್ಣಿನಲ್ಲಿ ಕರಗುವ ಚೀಲವನ್ನು ಗಟ್ಟಿ ಮಾಡುವುದು ನನ್ನಂಥವನಿಗೆ ಎಷ್ಟರ ಕೆಲಸ ಎಂದುಕೊಂಡಿದ್ದೆ. ಬೆಟಗೇರಿಯಲ್ಲಿ ನನ್ನದೊಂದು ಪುಟ್ಟ ಚೀಲದ ಶೆಡ್ಡಿದೆ. ಹತ್ತು ವರ್ಷ ಮಾಮೂಲಿ ಪ್ಲಾಸ್ಟಿಕ್ ಚೀಲ ಮಾಡಿದೆ. ಅದಕ್ಕೆ ನಿಷೇಧ ಬಂದ ಮೇಲೆ ಮೆಕ್ಕೆಜೋಳದಿಂದ ತಯಾರಾದ ಹೊಸ ಪ್ಲಾಸ್ಟಿಕ್ ಕಾಳು ತರಿಸಿದೆ. ಕಾಳನ್ನು ಕರಗಿಸಿ ಊದುವ ಮಶೀನು ಅದೇ, ಮಾಲಕನೂ ಅವನೇ. ಇನ್ನೇನು ಬೇಕು!

ಮೊದಲ ಚೀಲವನ್ನು ಹೆಂಡತಿ ಗಿರಿಜಾಳ ಕೈಗೆ ಕೊಟ್ಟು ಕಾಯಿಪಲ್ಲೆ ತರಲು ಗದಗಿನ ಮಾರ್ಕೆಟ್ಟಿಗೆ ಕಳಿಸಿದೆ. ಎರಡು ಕಿಲೋ ಟೊಮ್ಯಾಟೊ ಬಿದ್ದದ್ದೇ ತಡ, ಚೀಲ ಹಪ್ಪಳದಂತೆ ಚಟ್ಟೆಂದು ಒಡೆಯಿತು. ಹರಿದಿದ್ದರೂ ಮರ್ಯಾದೆ ಉಳಿಯುತ್ತಿತ್ತು. ಒಡೆಯಿತು! ಆಕೆ ನಡುಬಜಾರಿನಲ್ಲಿ ಬಗ್ಗಿ ಟೊಮ್ಯಾಟೊ ಆರಿಸುವಾಗ ಸುತ್ತಲಿನವರೆಲ್ಲ ನಕ್ಕರಂತೆ. ಪಂಚಮಿ ಹಬ್ಬಕ್ಕೆ ಎರಡೇ ದಿನವಿತ್ತು. ಕರೆಯಲು ಬಂದ ತಮ್ಮನ ಜೊತೆ ಲಕ್ಷ್ಮೇಶ್ವರದ ತವರಿಗೆ ಹೊರಟು ನಿಂತಿದ್ದಳು. ಸಮಾಧಾನ ಮಾಡುವುದು ಬಿಟ್ಟು ನಾನು, "ನೀ ಹಗೂರಕ ಹಿಡಿಬೇಕಿತ್ತು," ಎಂದೆ.

"ನಿಮ್ಮ ಚೀಲ ಗಟ್ಟಿ ಆದ ದಿನ ಕರಿಯಾಕ ಬರ್ರಿ," ಎಂದವಳೇ ಹೋಗಿಬಿಟ್ಟಳು.

ಹಬ್ಬ ಮುಗಿಯಿತು. ಗಿರಿಜಾಳ ತಮ್ಮ ಒಬ್ಬನೇ ಬಂದ. ಕೈಯಲ್ಲಿ ಹಬ್ಬದ ಪದ್ಧತಿಯಂತೆ ಮಗಳ ಮನೆಗೆಂದು ಅತ್ತೆ ಕಳಿಸಿದ ಪಂಚಮಿ ಉಂಡಿಯ ಡಬ್ಬಿ. "ಅಕ್ಕ ಇನ್ನೂ ಒಂದಿಷ್ಟು ದಿನ ಇರ್ತಾಳಂತ್ರಿ ಮಾವ," ಎಂದು ನೆಲ ನೋಡುತ್ತ ಹೇಳಿ ಹೋದ.

ಮನೆಯಲ್ಲಿ ಬೈಯುವವರೇ ಇಲ್ಲ. ಒದ್ದೆ ಟವೆಲ್ಲನ್ನು ಬೇಕೆಂದೇ ಹಾಸಿಗೆಯ ಮೇಲೆ ಒಗೆದೆ. ಯಾರೂ ಏನೂ ಅನ್ನಲಿಲ್ಲ. ಗೇಟಿನ ಸಪ್ಪಳವಾದರೆ ಓಡಿ ಹೋಗಿ ನೋಡುತ್ತಿದ್ದೆ. ಅದು ಎದುರು ಮನೆಯವರ ಗೇಟು! ಶೇಂಗಾ ಉಂಡಿ ಎಂದರೆ ಪ್ರಾಣ ಬಿಡುವವನು ನಾನು. ಒಂದನ್ನು ಕೈಗೆತ್ತಿಕೊಂಡೆ, ತಿರುಗಿ ಡಬ್ಬಿಯಲ್ಲಿಟ್ಟೆ. ಅರ್ಧ ಮುರಿದು ಯಾರ ಕೈಗೆ ಕೊಡಲಿ? ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆಕೆ ಇಷ್ಟು ನೆನಪಾದದ್ದು ಅದೇ ಮೊದಲು. ಫೋನು ಕೈಗೆ ತಗೊಂಡು ಕೆಳಗಿಟ್ಟದ್ದು ಎಷ್ಟು ಸಲವೋ. ಆದರೆ ಚೀಲ ಗಟ್ಟಿಯಾಗದೆ ಯಾವ ಬಾಯಿಂದ ಕರೆಯುವುದು?

ಹಾಗಾಗಿ ಸಂಶೋಧನೆಯನ್ನು ಯುದ್ಧೋಪಾದಿಯಲ್ಲಿ ಕೈಗೊಳ್ಳಲಾಯಿತು.

"ಈ ಮಾಲು ಭಾಳ ಬಿರುಸೈತ್ರಿ ಸಾಹುಕಾರ್ರ," ಎಂದ ಮೌಲಾಸಾಬ. ಮೊದಲಿನಿಂದಲೂ ನನ್ನ ಮಶೀನು ನಡೆಸುವವನು ಅವನೇ. "ಮಣ್ಣಾಗ ಕರಗೋದರಾಗ ಮೆತ್ತಗಿನ ಕಾಳೂ ಬರ್ತಾವು. ಅವನ್ನ ಒಂದೀಟು ಬೆರಸೂಣು."

ಒಂದೀಟಿನಿಂದ ಏನಾದೀತು? ಆತ ಚಹಾಕ್ಕೆ ಹೋದಾಗ ಸರಿಅರ್ಧ ಸುರಿದೆ. ಈ ಸಲ ಚೀಲ ಒಡೆಯಲಿಲ್ಲ. ಐದು ಕಿಲೋ ಅಕ್ಕಿ ಹಾಕಿ ಎತ್ತಿದೆ. ಹಿಡಿಕೆ ನನ್ನ ಎದೆಯ ಮಟ್ಟಕ್ಕೆ ಬಂತು, ಅಕ್ಕಿ ನೆಲ ಬಿಟ್ಟು ಏಳಲೇ ಇಲ್ಲ!

ಮೆತ್ತಗಿನ ಕಾಳು ಕಡಿಮೆ ಮಾಡಿದೆವು. ಚೀಲದ ತುಂಬ ಗೆರೆ ಮೂಡಿ, ಗೆರೆಗುಂಟ ಹರಿಯತೊಡಗಿತು. ಮೌಲಾಸಾಬ ಬೆಳಕಿಗೆ ಹಿಡಿದು ನೋಡಿದ. "ಎರಡೂ ಒಂದಕ್ಕೊಂದು ಕೂಡವಲ್ವು. ನಡುವ ಹೊಂದಿಸೋ ಪುಡಿ ಒಂದು ಸಿಗತೈತಿ, ಅದನ್ನ ಹಾಕಬೇಕ್ರಿ." ಆಮೇಲೆ ನನ್ನ ಮುಖ ನೋಡಿ, "ಅಕ್ಕಾರಿಗೆ ಫೋನ್ ಹಚ್ಚಿದ್ರ್ಯೇನು?" ಎಂದ.

"ಚೀಲದ ಮಾತಷ್ಟ ಆಡೋ ಮಾರಾಯಾ," ಎಂದೆ.

ಪುಡಿ ಬಂತು. ಆದರೂ ಚೀಲದಲ್ಲಿ ಸಣ್ಣ ಸಣ್ಣ ತೂತು! ಶ್ರಾವಣದ ಜಿಟಿಜಿಟಿ ಮಳೆಗೆ ಕಾಳು ತೇವ ಹಿಡಿದಿತ್ತು. ಹಸಿ ಇದ್ದಾಗ ಕರಗಿಸಿದರೆ ಒಳಗಿನ ಕಸುವೇ ಹೋಗುತ್ತದಂತೆ. ಒಣಗಿಸುವ ಪೆಟ್ಟಿಗೆಯಲ್ಲಿಟ್ಟು ಇಡೀ ದಿನ ಕಾಯಬೇಕು ಎಂದ ಮೌಲಾಸಾಬ. ಇಡೀ ದಿನ? ಹೆಂಡತಿ ಇಲ್ಲದವನಿಗೆ ಒಂದು ದಿನ ಎಂದರೆ ಎಷ್ಟು ಉದ್ದ ಎಂದು ಅವನಿಗೇನು ಗೊತ್ತು! ಒಂದು ಪಾತ್ರೆ ಕಾಳು ಮನೆಗೆ ತಂದು, ಗಿರಿಜಾಳ ರೊಟ್ಟಿ ಹಂಚಿನ ಮೇಲೆ ಹರಡಿ, ಶೇಂಗಾ ಹುರಿದಂತೆ ಹುರಿಯತೊಡಗಿದೆ. ಐದೇ ನಿಮಿಷ. ಕಾಳೆಲ್ಲ ಕರಗಿ, ಒಂದಾಗಿ, ದುಂಡಗೆ ಹಂಚಿಗೆ ಅಂಟಿ ಕೂತಿತು.

"ಏನ್ ಸುಡಾಕತ್ತೀರಿ?" ಎದುರು ಮನೆಯ ಕಮಲಕ್ಕ ಕಿಟಕಿಯಿಂದಲೇ ಕೂಗಿದಳು.

"ರೊಟ್ಟಿರಿ!"

"ಅಯ್ಯ ಪಾಪ, ಗಿರಿಜಾನ್ನ ಜಲ್ದಿ ಕರ್ಕೊಂಡು ಬರ್ರಿ!"

ಮರುದಿನ ಮೌಲಾಸಾಬ ನನ್ನನ್ನು ಶೆಡ್ಡಿನಿಂದ ಹೊರಗೆ ಹಾಕಿದ. ಕಾಳನ್ನು ನಿಧಾನವಾಗಿ ಒಣಗಿಸಿ, ಲೆಕ್ಕದಂತೆ ಬೆರೆಸಿ, ಹದವಾದ ಕಾವಿನಲ್ಲಿ ಊದಿ ಒಂದು ಚೀಲ ಮಾಡಿ ಕೊಟ್ಟ. ಒಳಗಿನದು ಹೊರಗೆ ಕಾಣುವಷ್ಟು ತೆಳು. ರುಬ್ಬುವ ಗುಂಡು ಹಾಕಿ ಜೋತು ಬಿಟ್ಟೆವು. ಹರಿಯಲಿಲ್ಲ. ನಾನೂ ಹಿಡಿದು ಜಗ್ಗಿದೆ. ಹರಿಯಲಿಲ್ಲ! ಮೌಲಾಸಾಬನನ್ನು ಅಪ್ಪಿಕೊಂಡೇಬಿಟ್ಟೆ.

ಇನ್ನು ತಡವೇಕೆ? ಆದರೆ ಖಾಲಿ ಚೀಲ ಹಿಡಿದು ಹೋದರೆ ಗಟ್ಟಿತನ ಸಾಬೀತಾಗುವುದು ಹೇಗೆ? ಒಳಗೆ ಭಾರವಾದದ್ದೇನಾದರೂ ಇರಬೇಕು. ಮನೆಯಲ್ಲಿ ಸುತ್ತಲೂ ನೋಡಿದೆ. ಉಂಡಿಯ ಡಬ್ಬಿ ಕಣ್ಣಿಗೆ ಬಿತ್ತು. ನನ್ನ ಬುದ್ಧಿಗೆ ನಾನೇ ಶಹಬಾಸ್ ಹೇಳಿಕೊಂಡು, ಅಷ್ಟೂ ಉಂಡಿಯನ್ನು ಚೀಲಕ್ಕೆ ಸುರಿದೆ. ಬಸ್ಸಿನಲ್ಲಿ ಚೀಲವನ್ನು ಮೇಲಿನ ಸರಳಿಗೆ ತೂಗು ಹಾಕಿದೆ. ಮುಳಗುಂದ ದಾಟುವುದರೊಳಗೆ ಬಸ್ಸಿನಲ್ಲಿದ್ದವರಿಗೆಲ್ಲ ಅದರ ಮಹಿಮೆ ತಿಳಿದಿತ್ತು.

ಬಾಗಿಲಲ್ಲೇ ಅತ್ತೆ ಎದುರಾದರು. ಚೀಲ ನೋಡಿದರು. ಚೀಲದೊಳಗಿನ ಉಂಡಿ ನೋಡಿದರು. ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕುಸಿದು ಕೂತರು.

"ಏನ್ರಿ ಇದು ಅಳಿಯಂದ್ರ! ಪಂಚಮಿ ಉಂಡಿ ತಿರುಗಿ ತಂದೀರಲ್ಲ! ನಮ್ಮ ಮಗಳು ಬ್ಯಾಡಂತ ಹೇಳಾಕ ಬಂದ್ರ್ಯೇನು?"

ಗಿರಿಜಾ ಹೊರಗೆ ಬಂದಳು. ಹದಿನಾರು ದಿನದ ಮೇಲೆ ಕಂಡ ಮುಖ. ಹೇಳಬೇಕಾದದ್ದೆಲ್ಲ ಗಂಟಲವರೆಗೆ ಬಂದಿತ್ತು. ಆದರೆ ಬಾಯಿಂದ ಬಂದದ್ದು, "ನೋಡಿಲ್ಲಿ, ಹರಿದಿಲ್ಲ!"

ಅತ್ತೆ ಜೋರಾಗಿ ಅಳತೊಡಗಿದರು. ಗಿರಿಜಾಳ ಕಣ್ಣೂ ತುಂಬಿತು. "ಒಂದೂ ತಿಂದಿಲ್ಲಲ್ರಿ. ನಮ್ಮವ್ವ ಕಟ್ಟಿದ ಉಂಡಿ ಅಷ್ಟು ಬ್ಯಾಸರಾತೇನು?"

ಆಗ ನನ್ನ ಮಾತು ನೆಟ್ಟಗಾಯಿತು. "ನೀ ಇಲ್ದ ಒಬ್ಬನ ತಿನ್ನಾಕ ಮನಸಾಗಲಿಲ್ಲ ಗಿರಿಜಾ. ಮನ್ಯಾಗ ಕುಂಡ್ರಾಕ ಆಗವಲ್ದು, ನಿಂದ್ರಾಕ ಆಗವಲ್ದು. ಬಾ ಮನಿಗಿ."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇದನ್ನ ಫೋನಿನ್ಯಾಗ ಹೇಳಾಕ ಏನಾಗಿತ್ತು?"

"ಚೀಲ ಗಟ್ಟಿ ಆದ ದಿನ ಬರ್ರಿ ಅಂದಿದ್ದಿಯಲ್ಲ..."

"ಸಿಟ್ಟಿನ್ಯಾಗ ಅಂದದ್ದನ್ನ ಹಿಂಗ ಹಿಡ್ಕೊಂಡು ಕುಂಡ್ರತಾರೇನ್ರಿ? ನಾನ ಇವತ್ತ ಸಂಜಿ ಬಸ್ಸಿಗೆ ಬರಾಕ ನಿಂತಿದ್ದೆ. ಅಲ್ನೋಡ್ರಿ, ಅರಿವಿ ಗಂಟು ಕಟ್ಟಿ ಇಟ್ಟೀನಿ."

ನೋಡಿದೆ. ಖರೆ. ಬಟ್ಟೆಯ ಗಂಟು ಬಾಗಿಲ ಬಳಿಯೇ ಇತ್ತು. ನಾನು ಹೊರಡಲು ಗಂಟಿನತ್ತ ಕೈ ಚಾಚಿದೆ. ಅತ್ತೆ ಅಡ್ಡ ಬಂದರು.

"ತಿರುಗಿ ಬಂದ ಉಂಡಿ ಕಣ್ಮುಂದ ಇಟ್ಕೊಂಡು ಮಗಳನ್ನ ಕಳಸಂಗಿಲ್ರಿ. ಹೊಸಾ ಉಂಡಿ ಕಟ್ಟಿ, ಉಡಿ ತುಂಬಿ, ಅಮಾಸಿ ಆದ ಮ್ಯಾಲ ಕಳಸ್ತೀನಿ."

ಅಮಾವಾಸ್ಯೆಗೆ ಇನ್ನೂ ಹತ್ತು ದಿನ! ಕಾಲಿಗೆ ಬೀಳುವುದೊಂದು ಬಾಕಿ. ಅತ್ತೆ ಜಗ್ಗಲಿಲ್ಲ. ಗಿರಿಜಾ ಬಸ್ ಸ್ಟ್ಯಾಂಡಿನವರೆಗೆ ಬಂದಳು. ಬಸ್ಸು ಹೊರಟ ಮೇಲೂ ಅಲ್ಲಿಯೇ ನಿಂತಿದ್ದಳು. ನಾನು ಕತ್ತು ನೋಯುವವರೆಗೂ ಹಿಂದಕ್ಕೆ ತಿರುಗಿ ನೋಡುತ್ತಿದ್ದೆ.

ಕಂಡಕ್ಟರ್ ಬಂದ. ನನ್ನ ಪಕ್ಕದ ಖಾಲಿ ಸೀಟು ನೋಡಿ, "ಒಬ್ಬರೇನ್ರಿ?" ಎಂದ.

"ಹೆಂಡತಿನ್ನ ಕರ್ಕೊಂಡು ಬರಾಕ ಬಂದಿದ್ದೆ. ಬರಲಿಲ್ಲ."

"ಅಯ್ಯ, ಹೆಣ್ಮಕ್ಕಳಿಗೆ ಟಿಕೀಟ್ ಫ್ರೀ ಐತಲ್ರಿ!" ಎಂದು ಮರುಗಿದ. "ಏನರ ತಪ್ಪು ಮಾಡಿದ್ರ್ಯೇನು?"

"ಕೈ ಬೀಸ್ಕೊಂಡು ಬಂದಿದ್ರ ಸಾಕಿತ್ತು," ಎಂದೆ. "ಒಂದು ಬೆಟಗೇರಿ ಕೊಡಪಾ."