ಅಂಗಾತಣ್ಣನವರ ಏಕೈಕ ಗೆಲುವಿನ ಕುರಿತು ಕೀರ್ತಿಭವನದ ಅಧ್ಯಕ್ಷರಿಗೆ

ಮಾನ್ಯ ಅಧ್ಯಕ್ಷರೇ,

ವೃತ್ತಿಪರ ಕುಸ್ತಿಯ ಕೀರ್ತಿಭವನವನ್ನೂ ಅದರ ಹೊಳೆಯುವ ನೆಲವನ್ನೂ ಆಯ್ಕೆ ಸಮಿತಿಯ ಏಳು ಕುರ್ಚಿಗಳನ್ನೂ ಹಗಲಿರುಳು ಕಾಯುತ್ತಿರುವ ತಮಗೆ, ಮೂವತ್ತೊಂದು ವರ್ಷ ಹಗ್ಗಗಳ ನಡುವೆ ಮಂಡಿಯೂರಿ ಒಂದು, ಎರಡು, ಮೂರು ಎಂದು ಎಣಿಸಿದ್ದನ್ನು ಬಿಟ್ಟರೆ ಬೇರೆ ಸಾಧನೆಯಿಲ್ಲದ ಈ ನಿವೃತ್ತ ರೆಫರಿಯ ನಮಸ್ಕಾರಗಳು. ಹೋದ ವಾರ ತಮ್ಮ ಕಚೇರಿಯಿಂದ ಬಂದ ಪತ್ರ ಕೈಸೇರಿತು. ಕಾಗದ ಬಹಳ ಚೆನ್ನಾಗಿತ್ತು. ಅದರ ಮೇಲೆ ಬರೆದಿದ್ದರ ಬಗ್ಗೆ ಮಾತ್ರ ಒಂದೆರಡು ಮಾತು ಅರಿಕೆ ಮಾಡಿಕೊಳ್ಳುವುದಿದೆ. ತಮ್ಮ ಪತ್ರ ನನಗೊಬ್ಬನಿಗೇ ಬಂದಿದ್ದರೂ ಉತ್ತರವನ್ನು ನಾಲ್ಕು ಜನ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ಸಮಿತಿಯ ಈವರೆಗಿನ ಆಯ್ಕೆಗಳನ್ನು ಮನಸಾರೆ ಮೆಚ್ಚುತ್ತೇನೆ. ಮೊದಲ ವರ್ಷ ತಾವು ಹದಿನಾರು ವರ್ಷ ಚಾಂಪಿಯನ್ ಆಗಿದ್ದ ಗುಡುಗು ಅವರನ್ನು ಸೇರಿಸಿಕೊಂಡಿರಿ. ಅದಕ್ಕೆ ಎರಡು ಮಾತಿಲ್ಲ. ಎರಡನೆಯ ವರ್ಷ ಅವರ ರೇಷ್ಮೆ ನಿಲುವಂಗಿಯನ್ನು ಸೇರಿಸಿಕೊಂಡಿರಿ. ಮೂರನೆಯ ವರ್ಷ ಪಂದ್ಯದ ಗಂಟೆಯನ್ನು. ಕಳೆದ ವರ್ಷ, ಪಂದ್ಯಗಳಿಗೆ ಸೋಡಾ ಒದಗಿಸುತ್ತಿದ್ದ ಸಜ್ಜನರಿಗೆ ಆ ಗೌರವ ಸಂದಿತು; ಕುಸ್ತಿ ನೋಡಿದರೆ ತಲೆನೋವು ಬರುತ್ತದೆಂದು ಅವರು ಕೊನೆಯವರೆಗೂ ಹೊರಗೇ ಕೂತಿರುತ್ತಿದ್ದರು. ಗಂಟೆಯ ಆಯ್ಕೆಯಂತೂ ನನಗೆ ತುಂಬಾ ಹಿಡಿಸಿತು, ಏಕೆಂದರೆ ಪ್ರತಿ ಪಂದ್ಯದಲ್ಲೂ ತಪ್ಪದೆ ಹೊಡೆತ ತಿಂದವರಿಗೂ ಮರ್ಯಾದೆ ಉಂಟು ಎಂದು ಅದರಿಂದ ತಿಳಿಯಿತು. ಆ ಧೈರ್ಯದ ಮೇಲೆಯೇ ನಾನು ಅಂಗಾತಣ್ಣನವರ ಹೆಸರು ಕಳಿಸಿದ್ದು.

ಅಂಗಾತಣ್ಣ ಯಾರೆಂದು ತಮ್ಮ ಕಾರ್ಯದರ್ಶಿಗಳು ಕೇಳಿದ್ದಾರೆ. ಅವರು ಹಗಲು ಮನೆ ಸಾಮಾನು ಸಾಗಿಸುವ ಕೆಲಸದಲ್ಲಿದ್ದರು. ಮೂರನೆಯ ಮಹಡಿಯಿಂದ ಗಾಜಿನ ಬೀರುವನ್ನು ಬೆನ್ನ ಮೇಲೆ ಹೊತ್ತು ಗೀರು ಬೀಳದಂತೆ ಇಳಿಸುವುದರಲ್ಲಿ ಎತ್ತಿದ ಕೈ. ಶನಿವಾರ ಸಂಜೆ ಕುಸ್ತಿಯಲ್ಲಿ ಸೋಲುತ್ತಿದ್ದರು. ಯಾರು ಗೆಲ್ಲಬೇಕೆಂದು ಆಯೋಜಕರು ಮಧ್ಯಾಹ್ನವೇ ಚೀಟಿಯಲ್ಲಿ ಬರೆದು ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೆ ಅಂಟಿಸುತ್ತಿದ್ದರು. ಉಳಿದವರೆಲ್ಲ ಅದರ ಮುಂದೆ ಮುಗಿಬೀಳುವಾಗ ಅಂಗಾತಣ್ಣ ಮೂಲೆಯ ಬೆಂಚಿನ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದರು. ಅವರ ಹೆಂಡತಿ, ಅಂದರೆ ನಾನು ಅತ್ತಿಗೆ ಎಂದು ಕರೆಯುವ ಮಹಾತಾಯಿ, ಹಳೆಯ ಪರದೆಗಳನ್ನು ಕತ್ತರಿಸಿ ಅವರಿಗೆ ಹನ್ನೊಂದು ಮುಖವಾಡ ಹೊಲಿದುಕೊಟ್ಟಿದ್ದರು. ಒಂದು ಸಂಜೆ ಅವರು ಕಪ್ಪು ಚೇಳು ಎಂಬ ಹೆಸರಿನಲ್ಲಿ ಸೋತು, ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ, ಕಣಿವೆಯ ಹಂತಕನಾಗಿ ಮುಂದಿನ ಬಾಗಿಲಿನಿಂದ ಒಳಗೆ ಬಂದು, ಕಪ್ಪು ಚೇಳಿಗಾದ ಅವಮಾನದ ಸೇಡು ತೀರಿಸಿಯೇ ತೀರುತ್ತೇನೆಂದು ಸಾರಿ, ಮತ್ತೆ ಸೋತರು. ಜನ ಎರಡು ಸಲವೂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಗೆದ್ದವರಿಗೆ.

ಇನ್ನು, ಭವನದ ಹೆಬ್ಬಾಗಿಲಲ್ಲಿರುವ ಫಲಕದ ವಿಷಯ. ಗುಡುಗು ಅವರು 'ಸಿಡಿಲೆರಗು' ಎಂಬ ಪಟ್ಟಿನ ಜನಕರೆಂದು ಅದರಲ್ಲಿ ಬಂಗಾರದ ಅಕ್ಷರದಲ್ಲಿ ಕೆತ್ತಿಸಿದ್ದೀರಿ. ಆ ಪಟ್ಟು ಹುಟ್ಟಿದಾಗ ನಾನು ಮೂರಡಿ ದೂರದಲ್ಲಿದ್ದೆ. ಗುಡುಗು ಅವರು ಮೂಲೆಯ ಕಂಬದ ಮೇಲೇರಿ ಹಾರಬೇಕಿತ್ತು, ಅಂಗಾತಣ್ಣ ಪಕ್ಕಕ್ಕೆ ಉರುಳಬೇಕಿತ್ತು. ಬೆವರಿಗೆ ಕಾಲು ಜಾರಿ ಗುಡುಗು ಅವರು ತಲೆಕೆಳಗಾಗಿ ಬಂದರು. ಆ ಕ್ಷಣದಲ್ಲಿ ಉರುಳಿ ತಪ್ಪಿಸಿಕೊಳ್ಳುವುದು ಬಿಟ್ಟು ಅಂಗಾತಣ್ಣ ಎರಡು ಹೆಜ್ಜೆ ಮುಂದೆ ಬಂದು, ಬೀರುವಿಗೆ ಕೊಡುವಂತೆ ಹೆಗಲು ಕೊಟ್ಟರು. ಮೂಳೆ ಮುರಿದ ಸದ್ದು ನಮ್ಮ ಮೂವರಿಗೆ ಮಾತ್ರ ಕೇಳಿಸಿತು. ಗುಡುಗು ಅವರ ಕುತ್ತಿಗೆ ಉಳಿಯಿತು. ಮುಖವಾಡದ ಒಳಗಿನಿಂದ ಅಂಗಾತಣ್ಣ ನನಗೆ, "ಎಣ್ಸು, ಎಣ್ಸು, ಜನ ನೋಡ್ತಿದ್ದಾರೆ," ಅಂದರು. ನಾನು ಎಣಿಸಿದೆ. ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು ಎಂಬ ಗಾದೆಯನ್ನು ನಮ್ಮ ಹಿರಿಯರು ತಮಾಷೆಗೆ ಹೇಳಿದ್ದೆಂದು ಅಲ್ಲಿಯವರೆಗೆ ತಿಳಿದಿದ್ದೆ. ಅದನ್ನು ಫಲಕದ ಮೇಲೆ ಕೆತ್ತಿಸುವವರೂ ಇರುತ್ತಾರೆಂದು ಆಗ ಗೊತ್ತಿರಲಿಲ್ಲ. ಅಂಗಾತಣ್ಣ ಐದು ತಿಂಗಳು ಎಡಗೈಯಲ್ಲಿ ಲೋಟ ಎತ್ತಲಿಲ್ಲ. ನಾನು ಎಣಿಕೆ ನಿಲ್ಲಿಸಿ ವೈದ್ಯರನ್ನು ಕೂಗಬಹುದಿತ್ತು. ಕೂಗಲಿಲ್ಲ. ಈ ಪತ್ರ ನಾನೇ ಏಕೆ ಬರೆಯುತ್ತಿದ್ದೇನೆ ಎಂಬ ತಮ್ಮ ಅನುಮಾನಕ್ಕೆ ಇಷ್ಟು ಸಾಕೆಂದುಕೊಳ್ಳುತ್ತೇನೆ.

ನನ್ನ ಮೊದಲ ಅರ್ಜಿಗೆ ತಾವು ಕೊಟ್ಟ ಉತ್ತರ ನ್ಯಾಯವಾಗಿಯೇ ಇತ್ತು. ನಿಯಮ ಒಂಬತ್ತರ ಪ್ರಕಾರ ಅಭ್ಯರ್ಥಿ ಕನಿಷ್ಠ ಒಂದು ಪಂದ್ಯ ಗೆದ್ದಿರಬೇಕು. ಗಂಟೆ ಯಾರನ್ನು ಗೆದ್ದಿತ್ತು ಎಂದು ಕೇಳುವಷ್ಟು ಅಧಿಕಪ್ರಸಂಗಿ ನಾನಲ್ಲ. ಪತ್ರವನ್ನು ಅತ್ತಿಗೆಗೆ ಓದಿ ಹೇಳಿದೆ. ಅವರು ಬಟ್ಟೆ ಮಡಚುತ್ತಲೇ, "ಅಲ್ಲಪ್ಪ, ಎಲ್ಲರೂ ಗೆಲ್ತಾ ಕೂತಿದ್ರೆ ಸೋತಿದ್ದು ಯಾರು ಅಂತ ಕೇಳ್ಬೇಕಿತ್ತು ನೀನು," ಅಂದರು. ಕೇಳಲು ಮರೆತಿದ್ದೆ, ಈಗ ಕೇಳುತ್ತಿದ್ದೇನೆ.

ಅಷ್ಟರಲ್ಲಿ ತಾವೇ ದೊಡ್ಡ ಮನಸ್ಸು ಮಾಡಿ, ಭವನದ ಐದನೆಯ ವಾರ್ಷಿಕೋತ್ಸವಕ್ಕೆ ಅಂಗಾತಣ್ಣನವರನ್ನು ಕರೆಸಿದಿರಿ. ಸನ್ಮಾನಕ್ಕಲ್ಲ, ಬೀಳುವುದಕ್ಕೆ. ಮುದ್ರಿತ ಕಾರ್ಯಕ್ರಮ ಪಟ್ಟಿ ನನ್ನ ಬಳಿ ಭದ್ರವಾಗಿದೆ: ಮಧ್ಯಾಹ್ನ ಮೂರು ನಲವತ್ತಕ್ಕೆ ಬೀಳುವುದು, ಮೂರು ನಲವತ್ತೆರಡಕ್ಕೆ ನನ್ನಿಂದ ಎಣಿಕೆ, ಆಮೇಲೆ ಅಧ್ಯಕ್ಷರ ಭಾಷಣ. ಎಪ್ಪತ್ತನಾಲ್ಕು ವರ್ಷದ ಗುಡುಗು ಅವರು ಎರಡೂ ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ಬಂದರು. ಅರವತ್ತೊಂಬತ್ತರ ಅಂಗಾತಣ್ಣ ಹಗ್ಗ ಹಿಡಿದು ನಿಧಾನವಾಗಿ ಮಲಗಲು ಹೊರಟರು. ಗುಡುಗು ಅವರು ಅವರ ತೋಳು ಹಿಡಿದುಕೊಂಡರು.

"ಬೇಡ ಕಣೋ. ಇವತ್ತು ನಾನ್ ಮಲ್ಕೋತೀನಿ."

"ನಿಂಗೆ ಬೀಳೋಕೆ ಬರಲ್ಲ ಮಾರಾಯ, ಪೆಟ್ಟಾಗುತ್ತೆ."

"ಹೇಳ್ಕೊಡು ಮತ್ತೆ."

ಆಗ ಮುನ್ನೂರು ಜನರ ಮುಂದೆ ಅಂಗಾತಣ್ಣ ಅವರಿಗೆ ಬೀಳುವುದನ್ನು ಹೇಳಿಕೊಟ್ಟರು. ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು, ಉಸಿರು ಬಿಡಬೇಕು, ಅಂಗೈಗಳನ್ನು ಅಗಲಿಸಬೇಕು, ತಲೆ ಕೊನೆಗೆ. ಒಂದು ಕೈ ಕುತ್ತಿಗೆಯ ಕೆಳಗೆ, ಇನ್ನೊಂದು ಸೊಂಟಕ್ಕೆ ಕೊಟ್ಟು ಚಾಂಪಿಯನ್ನರನ್ನು ನೆಲಕ್ಕಿಳಿಸಿದರು. ಗೆದ್ದವರು ಕೈಯನ್ನು ಎಲ್ಲಿಡುತ್ತಾರೆಂದು ಅವರಿಗೆ ತಿಳಿದಿರಲಿಲ್ಲ; ನನ್ನ ಮುಖ ನೋಡಿದರು. ಎದೆಯ ಮೇಲೆ ಎಂದು ಸನ್ನೆ ಮಾಡಿದೆ. ಜ್ವರ ನೋಡುವವರ ಹಾಗೆ ಅಂಗೈ ಇಟ್ಟರು. ನಾನು ಮಂಡಿಯೂರಿ ಎಣಿಸಿದೆ, ಎರಡಕ್ಕೂ ಮೂರಕ್ಕೂ ನಡುವೆ ನಿಯಮದಂತೆ ಬಿಡಬೇಕಾದಷ್ಟು ಹೊತ್ತು ಬಿಟ್ಟೆ. ಎಣಿಕೆ ತಪ್ಪಿಸಲು ಗುಡುಗು ಅವರು ಹೆಗಲು ಎತ್ತಲಿಲ್ಲ. ಅವರ ಕಣ್ಣು ಒದ್ದೆಯಾಗಿದ್ದನ್ನು ನಾನು ನೋಡಿದ್ದು ರೆಫರಿಯಾಗಿ ಅಲ್ಲವಾದ್ದರಿಂದ ಅದನ್ನು ಸಾಕ್ಷ್ಯವಾಗಿ ಹಾಜರುಪಡಿಸುತ್ತಿಲ್ಲ. ಮೂರನೆಯ ಸಾಲಿನಲ್ಲಿ ಅತ್ತಿಗೆ ಪಕ್ಕದವರಿಗೆ, "ಇವತ್ತು ಇವರ ಬೆನ್ನಿಗೆ ಎಣ್ಣೆ ತಿಕ್ಕೋ ಕೆಲ್ಸ ತಪ್ತು," ಅಂದದ್ದು ಚಪ್ಪಾಳೆಯ ನಡುವೆಯೂ ಕೇಳಿಸಿತು.

ಹೀಗೆ ನಿಯಮ ಒಂಬತ್ತರ ಷರತ್ತು ಪೂರೈಸಿತೆಂದು ನಾನು ಎರಡನೆಯ ಅರ್ಜಿ ಹಾಕಿದೆ. ಹೋದ ವಾರ ಬಂದ ಪತ್ರ ಅದಕ್ಕೆ ಉತ್ತರ. ತಮ್ಮ ವಾಕ್ಯವನ್ನೇ ಇಲ್ಲಿ ಎತ್ತಿ ಬರೆಯುತ್ತೇನೆ, ಅದನ್ನು ತಿದ್ದುವ ಯೋಗ್ಯತೆ ನನಗಿಲ್ಲ: "ಸದರಿ ಪಂದ್ಯದ ಫಲಿತಾಂಶವು ಪೂರ್ವನಿರ್ಧಾರಿತವಾಗಿರದ ಕಾರಣ ಅದನ್ನು ಅಧಿಕೃತ ಗೆಲುವೆಂದು ಪರಿಗಣಿಸಲು ಸಾಧ್ಯವಿಲ್ಲ." ಮಾನ್ಯರೇ, ಈ ಕಸುಬಿನಲ್ಲಿ ನಾನು ಕಂಡ ಸಾವಿರಾರು ಫಲಿತಾಂಶಗಳಲ್ಲಿ ಯಾರೂ ಮೊದಲೇ ಬರೆದಿಡದ ಫಲಿತಾಂಶ ಅದೊಂದೇ. ಅದೊಂದನ್ನೇ ಸುಳ್ಳೆಂದು ಹೆಕ್ಕಿ ತೆಗೆದ ಸಮಿತಿಯ ಸೂಕ್ಷ್ಮದೃಷ್ಟಿಗೆ ನಾನು ತಲೆಬಾಗುತ್ತೇನೆ. ಎಣಿಕೆಯಲ್ಲಿ ತಪ್ಪಾಯಿತೆಂದು ಬರೆದುಕೊಡುವಂತೆ ತಾವು ನನಗೆ ಸೂಚಿಸಿದ್ದೀರಿ. ಒಂದು, ಎರಡು, ಮೂರು. ಮತ್ತೊಮ್ಮೆ ನೋಡಿದೆ, ಸರಿಯಾಗಿಯೇ ಇದೆ.

ಆದುದರಿಂದ ನನ್ನದೊಂದು ಸಣ್ಣ ಕೋರಿಕೆ. ಭವನದ ಗೋಡೆಗಳಲ್ಲಿ ಗುಡುಗು ಅವರು ಒಬ್ಬ ಮುಖವಾಡದವನನ್ನು ತಲೆಯ ಮೇಲೆತ್ತಿ ಹಿಡಿದ ಹದಿನಾಲ್ಕು ದೊಡ್ಡ ಚಿತ್ರಗಳಿವೆ. ಎತ್ತಿಸಿಕೊಂಡವರು ಹದಿನಾಲ್ಕರಲ್ಲೂ ಅಂಗಾತಣ್ಣ. ಸಮಿತಿ ಅವರನ್ನು ಗುರುತಿಸುವುದಿಲ್ಲವಾದ್ದರಿಂದ, ದಯವಿಟ್ಟು ಅವರ ಭಾಗವನ್ನು ಎಚ್ಚರಿಕೆಯಿಂದ ಕತ್ತರಿಸಿ ಮನೆಗೆ ಕಳಿಸಿಕೊಡಬೇಕು. ಅತ್ತಿಗೆ ಗೋಡೆಯಲ್ಲಿ ಜಾಗ ಮಾಡಿದ್ದಾರೆ. ಚಾಂಪಿಯನ್ನರು ಎರಡೂ ಕೈ ಮೇಲೆತ್ತಿ ಯಾರಿಗೋ ಶರಣಾಗುತ್ತಿರುವಂತೆ ಕಂಡರೆ ಪ್ರೇಕ್ಷಕರಿಗೆ ತಾವೇ ಸಮಜಾಯಿಷಿ ಕೊಡಬೇಕಾಗಿ ಪ್ರಾರ್ಥನೆ.

ಅಂಗಾತಣ್ಣನವರಿಗೆ ಈ ಯಾವುದರ ಬಗ್ಗೆಯೂ ಬೇಸರವಿಲ್ಲವೆಂದು ತಿಳಿಸಲು ವಿಷಾದಿಸುತ್ತೇನೆ. ಗುಡುಗು ಅವರು ಈಗ ಪ್ರತಿ ಭಾನುವಾರ ಬೆಳಗ್ಗೆ ಅವರ ಮನೆಗೆ ಹೋಗುತ್ತಾರೆ. ಚಾಪೆ ಹಾಸಿಕೊಂಡು ಬೀಳುವುದನ್ನು ಕಲಿಯುತ್ತಿದ್ದಾರೆ. ತಲೆಯನ್ನು ಕೊನೆಗೆ ಇಳಿಸುವುದು ಇನ್ನೂ ಬಂದಿಲ್ಲವಂತೆ.

ಸಮಿತಿಯ ಕಾಲಹರಣ ಮಾಡಿದ್ದಕ್ಕೆ ಕ್ಷಮೆ ಕೋರುತ್ತಾ,

ತಮ್ಮ ವಿಶ್ವಾಸಿ,
ನಿವೃತ್ತ ರೆಫರಿ

ತಾ.ಕ.: ತಮ್ಮ ಪತ್ರದ ಕೊನೆಯಲ್ಲಿ, ನಾನು ಆ ತಪ್ಪೊಪ್ಪಿಗೆ ಬರೆದುಕೊಟ್ಟರೆ ಮುಂದಿನ ವರ್ಷ ನನ್ನನ್ನೇ 'ನ್ಯಾಯನಿಷ್ಠ ತೀರ್ಪುಗಾರ' ಎಂಬ ಬಿರುದಿನೊಡನೆ ಭವನಕ್ಕೆ ಸೇರಿಸಿಕೊಳ್ಳುವ ಸುಳಿವು ಕೊಟ್ಟಿದ್ದೀರಿ. ಮೊದಲೇ ಬರೆದಿಟ್ಟ ಫಲಿತಾಂಶಗಳನ್ನು ಮೂವತ್ತೊಂದು ವರ್ಷ ನೆಲ ಬಡಿದು ಸಾರಿದ ನನಗೆ ಆ ಬಿರುದು ತಕ್ಕುದೇ. ಆದರೂ ಆ ಜಾಗವನ್ನು ಸಮಿತಿಯೇ ಇಟ್ಟುಕೊಳ್ಳಲಿ. ತಮ್ಮ ಏಳು ಜನರ ಪೈಕಿ ಯಾರಾದರೂ ಒಂದು ಪಂದ್ಯ ಗೆದ್ದಿದ್ದರೆ ತಿಳಿಸಿ, ಎಣಿಸಲು ನಾನೇ ಬರುತ್ತೇನೆ.