ಹಿಂದಿನ ಸೀಟಿನ ಬೆಲ್ಲ

ನೆಟ್ಟಗಿರುವ ವಸ್ತುವನ್ನು ಕಂಡರೆ ನಮ್ಮ ಮಾಮನಿಗೆ ಆಗುವುದಿಲ್ಲ. ಕೆಟ್ಟದ್ದನ್ನು ರಿಪೇರಿ ಮಾಡುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಚೆನ್ನಾಗಿ ನಡೆಯುತ್ತಿರುವುದನ್ನು ರಿಪೇರಿ ಮಾಡಲು ಎದೆಗಾರಿಕೆ ಬೇಕು! ನನ್ನ ತಾಯಿಯ ಈ ತಮ್ಮ ಇಚಲಕರಂಜಿಯಲ್ಲಿ ಮಗ್ಗಗಳನ್ನು ದುರಸ್ತಿ ಮಾಡುತ್ತ ಅರ್ಧ ಆಯುಷ್ಯ ಕಳೆದ. ಈಗ ಗಡಹಿಂಗ್ಲಜದ ಮನೆಗೆ ಮರಳಿ, ಉಳಿದರ್ಧದಲ್ಲಿ ನಮ್ಮನ್ನು ದುರಸ್ತಿ ಮಾಡುತ್ತಿದ್ದಾನೆ. ನನ್ನ ಮದುವೆಗೆ ಉಡುಗೊರೆ ಬಂದ ಮಿಕ್ಸರನ್ನು ನಾನು ನೋಡುವ ಮೊದಲೇ ಬಿಚ್ಚಿ ಹರವಿದ್ದ. ಮತ್ತೆ ಜೋಡಿಸಿದಾಗ ಒಂದಷ್ಟು ಸ್ಕ್ರೂ ಉಳಿದವು.

"ಕಂಪನಿಯವ್ರು ಜಾಸ್ತಿ ಹಾಕಿರ್ತಾರವಾ" ಎಂದು ಕಿಸೆಗೆ ಇಳಿಸಿದ.

ಆ ಮಿಕ್ಸರ್ ಇಂದಿಗೂ ಚಟ್ನಿ ಅರೆಯುತ್ತದೆ. ಅರೆಯುತ್ತ ಅರೆಯುತ್ತ ಅಡುಗೆಕಟ್ಟೆಯ ತುದಿಗೆ ಹೊರಡುತ್ತದೆ, ಅಷ್ಟೇ. ಒಬ್ಬರು ಹಿಡಿದು ನಿಲ್ಲಬೇಕು.

ಇಂಥವನು ಕಾರು ಕೊಳ್ಳುತ್ತಾನೆಯೇ? ಕಟ್ಟಿದ. ಆದರೆ ಚಟಕ್ಕೆ ಕಟ್ಟಿದ್ದಲ್ಲ. ಅವನ ಹೆಂಡತಿಗೆ, ನಮ್ಮ ಅತ್ತೆಗೆ, ಬೆನ್ನೆಲುಬಿನಲ್ಲಿ ಬೇನೆ ಕಾಣಿಸಿಕೊಂಡಿತ್ತು, ಒಳ್ಳೆಯದಲ್ಲದ ಬೇನೆ. ಕೊಲ್ಹಾಪುರದ ದವಾಖಾನೆಗೆ ಮತ್ತೆ ಮತ್ತೆ ಹೋಗಬೇಕಿತ್ತು. ಡಾಕ್ಟರರು ಎಕ್ಸ್‌ರೇ ಫೋಟೋ ಹಿಡಿದು ನೋಡಿ "ಬಘೂಯಾ" ಎಂದರು. ಮರಾಠಿಯಲ್ಲಿ ನೋಡೋಣ ಎಂದಷ್ಟೇ ಅದರ ಅರ್ಥ. ಆದರೆ ಅವರು ನಮ್ಮ ಮುಖ ನೋಡದೆ ಅಂದರು. ಅಂದಿನಿಂದ ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಲಿಲ್ಲ. ಒಂಚೂರೂ ಧಕ್ಕೆ ಬಡಿಯಬಾರದು, ಮೈ ಕುಲುಕಬಾರದು ಎಂದು ಡಾಕ್ಟರರು ಹೇಳಿ ಕಳಿಸಿದ್ದರು. ಆ ರಸ್ತೆಯಲ್ಲಿ ಕುಲುಕದೆ ಬರಬೇಕಾದರೆ ಹಕ್ಕಿಯಾಗಿ ಹುಟ್ಟಿರಬೇಕು!

ಮೊದಲ ಸಲ ಬಾಡಿಗೆ ಗಾಡಿ ಮಾಡಿದರು. ಅದು ಘಾಟಿನ ಏರಿನಲ್ಲಿ ಉಸಿರು ಬಿಟ್ಟು ನಿಂತಿತು. ಬಿಸಿಲಲ್ಲಿ ಅತ್ತೆ ಹಿಂದಿನ ಸೀಟಿನಲ್ಲಿ ಮುಲುಗುತ್ತ ಮಲಗಿದ್ದಳು. ಮಾಮಾ ರಸ್ತೆಯ ನಡುವೆ ನಿಂತು ಹೋಗಿಬರುವ ಲಾರಿಗಳಿಗೆಲ್ಲ ಕೈ ಮುಗಿದ. ಯಾರಿಗೂ ಕೈ ಮುಗಿಯದ ಮನುಷ್ಯ ಅವನು. ಅವತ್ತೇ ನಿರ್ಧರಿಸಿದ, ಇನ್ನು ಯಾವ ಘಾಟೂ ತನ್ನನ್ನು ತಡೆಯಬಾರದು ಎಂದು.

ಹಳೆಯ ಜೀಪಿನ ಅಡಿಗಟ್ಟು ಬಂತು. ಕೊಲ್ಹಾಪುರದ ಗುಜರಿಯಿಂದ ದೊಡ್ಡ ಗಾಡಿಯೊಂದರ ಎಂಜಿನ್ ಬಂತು. ಎಂಥ ಎಂಜಿನ್ ಅಂತೀರಿ, ಚಾಲೂ ಮಾಡಿದರೆ ಪಕ್ಕದ ಮನೆಯ ಎಮ್ಮೆ ಹಾಲು ಕೊಡುವುದನ್ನು ನಿಲ್ಲಿಸುತ್ತಿತ್ತು! ಸರ್ಕಾರಿ ಕಾಗದಪತ್ರಗಳ ಬಗ್ಗೆ ಮಾತ್ರ ದಯವಿಟ್ಟು ಕೇಳಬೇಡಿ. ಗಾಡಿ ಘಾಟು ಹತ್ತಿತು, ಅದರಲ್ಲಿ ಎರಡು ಮಾತಿಲ್ಲ. ತಾಪತ್ರಯ ಹಿಂದಿನ ಚಕ್ರಗಳದ್ದು. ಆ ಶಕ್ತಿಗೆ ಹಿಂದಿನ ಪಾಟಾ, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಕಮಾನುಪಟ್ಟಿಗಳು, ತಿರುಚಿಕೊಳ್ಳುತ್ತಿದ್ದವು. ಎಕ್ಸಲೇಟರ್ ಒತ್ತಿದೊಡನೆ ಹಿಂಭಾಗ ಕಪ್ಪೆಯಂತೆ ಕುಪ್ಪಳಿಸುತ್ತಿತ್ತು. ಇನ್ನೊಂದಿಷ್ಟು ಪಟ್ಟಿ ಸೇರಿಸಿ ಬಿಗಿ ಮಾಡಿದ. ಕುಪ್ಪಳಿಸುವುದು ನಿಂತು ಒದೆಯುವುದು ಶುರುವಾಯಿತು.

ಅತ್ತೆಯನ್ನು ಕೂರಿಸಿ ಪರೀಕ್ಷೆ ಮಾಡುವಂತಿರಲಿಲ್ಲ. ಅದಕ್ಕೆ ಮಾಮಾ ತನ್ನದೇ ದಾರಿ ಹುಡುಕಿದ. ಬೇನೆ ಬರುವ ಮೊದಲಿನ ವರ್ಷ, ಹರಕೆ ತೀರಿಸಲು ಮಠದಲ್ಲಿ ಅತ್ತೆಯನ್ನು ಬೆಲ್ಲದಲ್ಲಿ ತೂಗಿದ್ದರು. ಒಂದು ತಟ್ಟೆಯಲ್ಲಿ ಅತ್ತೆ, ಇನ್ನೊಂದರಲ್ಲಿ ಬೆಲ್ಲದ ಪೆಂಟಿಗಳು, ಅಂದರೆ ದೊಡ್ಡ ಅಚ್ಚುಗಳು. ಎಷ್ಟು ಹೇರಿದರೂ ಅತ್ತೆಯ ತಟ್ಟೆ ಏಳದಾದಾಗ ಹೆಂಗಸರೆಲ್ಲ ನಕ್ಕಿದ್ದರು, ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ತಾನೂ ನಕ್ಕಿದ್ದಳು. ಅಂದು ಎಷ್ಟು ಪೆಂಟಿಗೆ ತಕ್ಕಡಿ ಸಮವಾಗಿತ್ತೋ ಅಷ್ಟನ್ನೇ ಮಾಮಾ ಪೇಟೆಯಿಂದ ತಂದು ಹಿಂದಿನ ಸೀಟಿನಲ್ಲಿ ಜೋಡಿಸಿ, ಇರುವೆ ಹತ್ತದಂತೆ ಅತ್ತೆಯ ಹಳೆಯ ಇಲಕಲ್ ಸೀರೆ ಹೊದಿಸಿ, ದಿನಾ ಅದೇ ರಸ್ತೆಯಲ್ಲಿ ಉತ್ತೂರದ ಕಡೆಗೆ ಹೊರಡುತ್ತಿದ್ದ.

ಒಮ್ಮೆ ನಾನೂ ಮುಂದೆ ಕೂತು ಹೋಗಿದ್ದೆ. ಉತ್ತೂರದ ಚಹಾದಂಗಡಿಯ ಎದುರು ನಿಂತಾಗ ಒಬ್ಬ ರೈತ ಬಂದು ಸೀರೆ ಸರಿಸಿ, ಪೆಂಟಿಗೆ ಉಗುರು ಹಾಕಿ ನೋಡಿದ.

"ಬೆಲ್ಲ ಹೆಂಗ ಕೊಟ್ರಿ?"

ಮಾಮಾ ಚಹಾ ಬಿಟ್ಟು ಓಡಿ ಬಂದ. "ಕೈ ತಗೀರಿ. ಅದು ಮಾರೂದಲ್ಲ. ನಮ್ಮ ಮನಿಯಾಕಿ."

ರೈತ ಬೆಲ್ಲವನ್ನು ನೋಡಿದ, ಮಾಮನನ್ನು ನೋಡಿದ, ಕೊನೆಗೆ ನನ್ನನ್ನು ನೋಡಿ ತಲೆಯ ಪಕ್ಕ ಬೆರಳು ತಿರುಗಿಸಿದ. ನಾನು ಹೌದೆಂದು ತಲೆಯಾಡಿಸಿದೆ. ಮತ್ತೇನು ಮಾಡಲಿ?

ಅಂತೂ ಪಾಟಾ ಹದಕ್ಕೆ ಬಂತು. ಎಂಥ ಗುಂಡಿಗೂ ಬೆಲ್ಲ ಮಿಸುಕುತ್ತಿರಲಿಲ್ಲ. ಆದರೆ ಅತ್ತೆಯನ್ನು ಕೂರಿಸಿಕೊಂಡು ಕೊಲ್ಹಾಪುರಕ್ಕೆ ಹೊರಟ ದಿನ ಗಾಡಿ ಅವಳನ್ನು ಎತ್ತೆತ್ತಿ ಕುಕ್ಕಿತು. ಅವಳು ನನ್ನ ಕೈ ಹಿಡಿದುಕೊಂಡು ತುಟಿ ಕಚ್ಚಿ ಕೂತಳು. ಮಾಮಾ ಕನ್ನಡಿಯಲ್ಲಿ ನೋಡುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ವಾಪಸು ಬಂದು ಅವನು ಗಾಡಿಯ ಕೆಳಗೆ ಹೊಕ್ಕ. ಮತ್ತೆ ಬೆಲ್ಲ ಹೇರಿದ, ಮತ್ತೆ ಸರಿ ಹೋಯಿತು. ಮತ್ತೆ ಅತ್ತೆ ಕೂತಳು, ಮತ್ತೆ ಕುಕ್ಕಿತು. ಬೆಲ್ಲಕ್ಕೆ ಪಲ್ಲಕ್ಕಿ, ಅತ್ತೆಗೆ ಕಟುಕರ ಗಾಡಿ!

ನನಗೇನೂ ಮಗ್ಗ ರಿಪೇರಿ ಬಾರದು. ಆದರೆ ಅವತ್ತು ಅತ್ತೆಯನ್ನು ಸೀಟಿನಿಂದ ಎತ್ತಿ ಇಳಿಸಿದವಳು ನಾನು. ತೋಳಿಗೆ ಭಾರವೇ ಹತ್ತಲಿಲ್ಲ. ನನಗೆ ಎಲ್ಲ ತಿಳಿಯಿತು. ಅವಳನ್ನು ಒಳಗೆ ಮಲಗಿಸಿ ಬರುವಷ್ಟರಲ್ಲಿ ಮಾಮಾ ಮತ್ತೆ ಬೆಲ್ಲ ಹೇರಿ ಗಾಡಿಯ ಕೆಳಗೆ ಹೊಕ್ಕಿದ್ದ, ನನಗೆ ಸಿಟ್ಟೇ ಬಂತು.

"ಮಾಮಾ, ನಿನಗ ಕಣ್ಣ ಅದಾವೋ ಇಲ್ಲೋ? ಅತ್ತಿ ಈಗ ಅಷ್ಟ ತೂಕ ಎಲ್ಲಿ ಅದಾಳ? ಆ ಭಾರಕ್ಕ ಬಿಗಿ ಮಾಡಿದ ಪಾಟಾ ಈ ಭಾರಕ್ಕ ಒದೀದ ಏನ ಮಾಡ್ತೈತಿ? ಪೆಂಟಿ ಕಡಿಮಿ ಮಾಡು."

ಮಾಮಾ ಗಾಡಿಯ ಕೆಳಗಿನಿಂದ ಹೊರಬರಲಿಲ್ಲ. ಅವನ ಚಪ್ಪಲಿಗಳು ಮಾತ್ರ ಕಾಣುತ್ತಿದ್ದವು.

"ಗೊತ್ತೈತಿ" ಅಂದ. "ಒಂದ ಪೆಂಟಿ ಇಳಿಸಿದ್ರ, ಆಕಿ ಅಷ್ಟ ಹೋದ್ಲು ಅಂತ ನಾನ ಒಪ್ಕೊಂಡಂಗ ಆಗತೈತಿ. ನನ್ನ ಕೈಲೆ ಆಗೂದಿಲ್ಲವಾ."

ಮಿಕ್ಸರು, ಮಗ್ಗ, ಫ್ಯಾನು, ಯಾವುದನ್ನು ಬಿಚ್ಚಲೂ ಹಿಂದೆಗೆಯದ ಕೈ! ನಾನು ಅಲ್ಲೇ ಅವನ ಚಪ್ಪಲಿಗಳ ಹತ್ತಿರ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡೆ.

ಹೊಸ್ತಿಲಲ್ಲಿ ಅತ್ತೆ ನಿಂತಿದ್ದಳು. ಗೋಡೆ ಹಿಡಿದು ಯಾವಾಗ ಎದ್ದು ಬಂದಳೋ. ನಿಧಾನವಾಗಿ ಗಾಡಿಯ ಹತ್ತಿರ ಬಂದು, ಬಾಗಿಲು ತೆಗೆದು, ತನ್ನ ಸೀರೆಯನ್ನು ಬೆಲ್ಲದ ಮೇಲಿಂದ ಎಳೆದಳು.

"ರೀ, ಹೊರಗ ಬರ್ರಿ. ಎಲ್ಲಿತನಕ ಈ ದಪ್ಪ ಸವತಿನ್ನ ಹೊತ್ಕೊಂಡ ತಿರಗ್ತೀರಿ? ನಾ ಈಗ ಇಷ್ಟ ಅದೇನಿ. ನನ್ನ ನೋಡಿ ಗಾಡಿ ಮಾಡ್ರಿ."

ಮಾಮಾ ಹೊರಬಂದ. ಮುಖದ ತುಂಬ ಗ್ರೀಸು. ಒಂದೊಂದೇ ಪೆಂಟಿ ಎತ್ತಿ ಕಟ್ಟೆಯ ಮೇಲೆ ಇಟ್ಟ. ಪ್ರತಿಯೊಂದಕ್ಕೂ ಅತ್ತೆಯ ಕಡೆ ನೋಡುತ್ತಿದ್ದ. ಅವಳು ಇನ್ನೂ ಒಂದು ಎಂಬಂತೆ ಕಣ್ಣು ಮುಚ್ಚಿ ತೆರೆಯುತ್ತಿದ್ದಳು. ಇಳಿಸಿದ ಬೆಲ್ಲದಿಂದ ಒಂದು ಚೂರು ಮುರಿದು ಅವನ ಬಾಯಿಗೆ ಹಾಕಿದಳು. ಅವನು ಅಗಿಯಲಿಲ್ಲ, ಹಾಗೇ ಇಟ್ಟುಕೊಂಡು ನಿಂತ.

ಮರುದಿನ ಪಾಟಾದಿಂದ ಪಟ್ಟಿಗಳನ್ನು ಕಳಚಿ ಮೆತ್ತಗೆ ಮಾಡಿದ. ಮೆತ್ತಗಾದರೆ ಆ ಎಂಜಿನ್ನಿಗೆ ಮತ್ತೆ ಕಪ್ಪೆಯಾಟ ತಾನೇ? ಅದಕ್ಕೆ ಎಕ್ಸಲೇಟರಿನ ಕೆಳಗೆ ಒಂದು ಕಟ್ಟಿಗೆಯ ತುಂಡು ಬಡಿದ, ಒತ್ತಿದರೂ ಪೂರ್ತಿ ಇಳಿಯದಂತೆ. ಘಾಟನ್ನೇ ನುಂಗುವ ಗಾಡಿಯನ್ನು ಈಗ ಕಬ್ಬಿನ ಟ್ರ್ಯಾಕ್ಟರುಗಳು ಹಾರ್ನ್ ಹೊಡೆದು ಹಿಂದೆ ಹಾಕುತ್ತವೆ. ಪೋರರು ಸೈಕಲ್ಲಿನಿಂದ ಟಾಟಾ ಮಾಡುತ್ತಾರೆ. ಮಾಮಾ ಯಾರನ್ನೂ ನೋಡುವುದಿಲ್ಲ, ಕನ್ನಡಿ ನೋಡುತ್ತಾನೆ. ಹಾಗೆ ಹೋದ ಮೊದಲ ಸಲ ಅತ್ತೆ ಘಾಟಿನಲ್ಲಿ ನಿದ್ದೆ ಹೋದವಳು ಕೊಲ್ಹಾಪುರದ ಗದ್ದಲಕ್ಕೇ ಎಚ್ಚರಾದದ್ದು. ಡಾಕ್ಟರರು ಮಾತ್ರ ಈಗಲೂ "ಬಘೂಯಾ" ಎನ್ನುತ್ತಾರೆ.

ಮೊನ್ನೆ ಹೋದಾಗ ಮಾಮಾ ಹಿತ್ತಲಲ್ಲಿ ಕೂತು, ಕಳಚಿದ ಆ ಉಕ್ಕಿನ ಪಟ್ಟಿಗಳಿಗೆ ಎಣ್ಣೆ ಹಚ್ಚಿ ಒರೆಸುತ್ತಿದ್ದ. ವಾರಕ್ಕೊಮ್ಮೆ ಒರೆಸುತ್ತಾನಂತೆ.

"ಗುಜರಿಗೆ ಹಾಕೂದು ಬಿಟ್ಟು ಇದಕ್ಯಾಕ ಎಣ್ಣಿ ಮಾಮಾ?" ಎಂದು ಕೇಳಿದೆ.

ಅವನು ತಲೆ ಎತ್ತಲಿಲ್ಲ. "ತುಕ್ಕ ಹಿಡೀಬಾರದವಾ. ನಿಮ್ಮತ್ತಿ ಮತ್ತ ಮೈ ತುಂಬಿಕೊಂಡ್ಲಂದ್ರ ಹಾಕಬೇಕಲ್ಲ."

ನಾನು ಇನ್ನೊಂದು ಅರಿವೆ ತೆಗೆದುಕೊಂಡು ಅವನ ಪಕ್ಕದಲ್ಲಿ ಕೂತು ಒರೆಸತೊಡಗಿದೆ.